ಪದಚರ್ಚೆ: ‘ರೀಕಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನೆನಪಿನ ಮೇಲೆ ನಡೆದ ಪ್ರಯೋಗಗಳ ಬಗ್ಗೆ ಪಿಯುಸಿ ಮಕ್ಕಳಿಗೆಂದು ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ವಿಷಯ ಸುಲಭದ್ದೇ. ಒಂದಷ್ಟು ಪದಗಳನ್ನು ಓದಿ ಹೇಳುತ್ತಾರೆ, ಕೇಳಿಸಿಕೊಂಡವರು ಎಷ್ಟನ್ನು ತಿರುಗಿ ಹೇಳಬಲ್ಲರು ಅಂತ ನೋಡುತ್ತಾರೆ. ತೊಡಕಾಗಿರುವುದು ಈ ‘ತಿರುಗಿ ಹೇಳುವುದ’ರಲ್ಲೇ. ಇಂಗ್ಲಿಷಿನಲ್ಲಿ ಅದು ರೀಕಾಲ್. ಕೇಳಿದ ಕ್ರಮದಲ್ಲೇ ಹೇಳಬೇಕೆಂದರೆ ಸೀರಿಯಲ್ ರೀಕಾಲ್, ಯಾವುದು ಮೊದಲು ಬಂದರೂ ಸರಿ ಎಂದರೆ ಫ್ರೀ ರೀಕಾಲ್. ನಮ್ಮ ಬಿ.ಎಡ್ ಪುಸ್ತಕಗಳಲ್ಲಿ ಸಿಗುವುದು ಸ್ಮರಣೆ, ಪುನಃಸ್ಮರಣೆ. ಸ್ಮರಣೆ ಎಂದರೆ ನನಗೆ ನಾಮಸ್ಮರಣೆ ಹೊಳೆಯುತ್ತದೆ, ಇಲ್ಲವೇ ಸರ್ಕಲ್ಲಿನಲ್ಲಿ ಕಟ್ಟಿದ ಪುಣ್ಯಸ್ಮರಣೆಯ ಫ್ಲೆಕ್ಸು. ‘ವಿದ್ಯಾರ್ಥಿಯು ಹನ್ನೆರಡು ಪದಗಳನ್ನು ಸ್ಮರಿಸಿದನು’ ಅಂತ ಬರೆಯಲು ಕೈ ಬರುತ್ತಿಲ್ಲ.

ತಲೆಗೆ ಹಾಕಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಬಾಯಿಪಾಠ, ಕಂಠಪಾಠ, ಉರು ಹೊಡೆಯುವುದು, ಗಟ್ಟು ಹೊಡೆಯುವುದು, ಈಗಿನ ಬೈಹಾರ್ಟು. ಇವೆಲ್ಲ ಒಂದೇ ಅಂತಲೂ ಅಲ್ಲ. ‘ಇಪ್ಪತ್ತರ ಮಗ್ಗಿ ಬಾಯಿಪಾಠ ಮಾಡಿದ್ದಾಳೆ’ ಎಂದರೆ ಮೆಚ್ಚುಗೆ. ‘ಗೈಡು ನೋಡಿ ಗಟ್ಟು ಹೊಡೆದಿದ್ದಾನೆ’ ಎಂದರೆ ಕೊಂಕು. ತಲೆಯಿಂದ ಹೊರಗೆ ತೆಗೆಯುವುದಕ್ಕೆ ನನಗೆ ಸಿಕ್ಕಿದ ಗಟ್ಟಿ ಪದ ಒಂದೇ: ಒಪ್ಪಿಸು. ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಪದ್ಯ ಒಪ್ಪಿಸುತ್ತಿದ್ದೆವಲ್ಲ, ಅದು. ಸಾಲು ಹಿಂದುಮುಂದಾದರೆ ಒಪ್ಪಿಸಿದ ಹಾಗಾಗಲಿಲ್ಲ. ಸೀರಿಯಲ್ ರೀಕಾಲ್‌ಗೆ ಇದಕ್ಕಿಂತ ಒಳ್ಳೆಯ ಪದ ಬೇಕಾ? 1885ರಲ್ಲಿ ಪುಸ್ತಕ ಬರೆದ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಮಾಡಿದ್ದೂ ಇದನ್ನೇ. ಅರ್ಥವಿಲ್ಲದ ಚಿಕ್ಕ ಚಿಕ್ಕ ಉಲಿಗಳ ಸಾಲು ಕಟ್ಟಿಕೊಂಡು, ತಾವೇ ಉರು ಹೊಡೆದು, ತಮಗೆ ತಾವೇ ಒಪ್ಪಿಸಿಕೊಂಡರು. ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಲೆಕ್ಕ ಇಟ್ಟರು.

ಒಪ್ಪಿಸುವ ಪಟ್ಟಿಗೆ ಒಂದು ಚಾಳಿ ಇದೆ. ಅದಕ್ಕೆ ತಲೆಬಾಗಿಲು ಮಾತ್ರ, ಕಿಟಕಿ ಇಲ್ಲ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳನ್ನೂ ಗಡಗಡ ಹೇಳುವ ಹಿರಿಯರನ್ನು ‘ಶಾರ್ವರಿಗೆ ಮುಂಚಿನದು ಯಾವುದು?’ ಅಂತ ಕೇಳಿ ನೋಡಿ. ತಕ್ಷಣ ಉತ್ತರ ಬರುವುದು ಕಡಿಮೆ. ತುಟಿ ಅಲ್ಲಾಡುತ್ತದೆ. ಹೇವಿಳಂಬಿ, ವಿಳಂಬಿ, ವಿಕಾರಿ, ಶಾರ್ವರಿ... ಹಾಂ, ವಿಕಾರಿ! ನಾವು ಅ ಆ ಇ ಈ ಕಲಿತಿದ್ದೂ ಹಾಗೇ ಅಲ್ವಾ? ಡಿಕ್ಷನರಿ ತಿರುವಿ ಹಾಕುವಾಗ ‘ಣ’ ಎಲ್ಲಿ ಬರುತ್ತದೆ ಅಂತ ನೋಡಲು ಟ ಠ ಡ ಢ ಅಂತ ಗೊಣಗಿಕೊಳ್ಳದವರು ಯಾರಿದ್ದಾರೆ.

ಮಳೆ ನಕ್ಷತ್ರಗಳ ಪಟ್ಟಿ ಬೇರೆ ಥರ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ಕ್ರಮ ಅದಕ್ಕೂ ಉಂಟು. ಆದರೆ ಬೇಸಾಯದವರು ಯಾವ ಹೆಸರನ್ನು ಬೇಕಾದರೂ ನಡುವಿನಿಂದ ನೇರವಾಗಿ ಎತ್ತುತ್ತಾರೆ. ಕಾರಣ ಗಾದೆ. ಭರಣಿ ಸುರಿದರೆ ಧರಣಿ ಬದುಕೀತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ. ಪ್ರತಿ ಹೆಸರಿಗೂ ಅದರದೇ ಪ್ರಾಸ ಅಂಟಿಕೊಂಡಿದೆ, ಅದರ ಜತೆಗೆ ಹೊಲದ ಕೆಲಸವೂ ಅಂಟಿಕೊಂಡಿದೆ. ಆರಿದ್ರ ಬೇಕಾದಾಗ ಅಶ್ವಿನಿಯಿಂದ ಶುರು ಮಾಡಬೇಕಿಲ್ಲ, ‘ದರಿದ್ರ’ ಅಂದರೆ ಸಾಕು. ಮನಶ್ಶಾಸ್ತ್ರದವರು ಈ ಎಳೆಗೆ ಕ್ಯೂ ಅನ್ನುತ್ತಾರೆ. ನಾನು ಸದ್ಯಕ್ಕೆ ‘ಸುಳಿವು’ ಅಂತ ಹಾಕಿದ್ದೇನೆ. ಪೊಲೀಸರ ವಾಸನೆ ಬರುತ್ತದೆ, ಗೊತ್ತು. ಸಂಗೀತದವರ ‘ಎತ್ತುಗಡೆ’ ಬಳಸಬಹುದೇ ಎಂಬ ಆಸೆ ಇದೆ. ಆದರೆ ಅದು ಹಾಡು ಶುರುವಾಗುವ ಜಾಗ, ನಡುವೆ ಸಿಗುವ ಹಿಡಿಕೆಯಲ್ಲ.

ನಿಜವಾಗಿ ಕೈಕೊಡುತ್ತಿರುವುದು ಫ್ರೀ ರೀಕಾಲ್. 1962ರಲ್ಲಿ ಬೆನೆಟ್ ಮರ್ಡಾಕ್ 10ರಿಂದ 40 ಪದಗಳವರೆಗಿನ ಪಟ್ಟಿಗಳನ್ನು ಕೇಳಿಸಿ, ನೆನಪಾದದ್ದನ್ನು ನೆನಪಾದ ಹಾಗೆ ಬರೆಯಿರಿ ಎಂದರು. ಕೊನೆಯಲ್ಲಿ ಕೇಳಿದ ಕೆಲವು ಪದ ಎಲ್ಲಕ್ಕಿಂತ ಚೆನ್ನಾಗಿ ಬಂದವು, ಮೊದಲಿನವು ಆಮೇಲೆ. ನಡುವಿನವು ಸೊರಗಿದವು. 1966ರಲ್ಲಿ ಗ್ಲಾಂಜರ್ ಮತ್ತು ಕುನಿಟ್ಜ್ ಪಟ್ಟಿ ಮುಗಿದ ಮೇಲೆ 30 ಸೆಕೆಂಡು ಸುಮ್ನೆ ಎಣಿಕೆ ಹಾಕಿಸಿದರು. ಕೊನೆಯ ಪದಗಳಿಗಿದ್ದ ಆ ಮೇಲುಗೈ ಹೋಯಿತು, ಮೊದಲಿನವುಗಳದ್ದು ಉಳಿಯಿತು. ಇಲ್ಲಿ ‘ಒಪ್ಪಿಸಿದರು’ ಅನ್ನುವ ಹಾಗಿಲ್ಲ. ‘ನೆನಪಿಸಿಕೊಂಡರು’ ಸರಿಯೇ, ಆದರೆ ಅದರಲ್ಲಿ ಕ್ರಮ ಬೇಕಾಗಿಲ್ಲ ಎಂಬ ಅರ್ಥ ಬರುವುದಿಲ್ಲ. ಒಬ್ಬ ಸ್ನೇಹಿತರು ‘ಬಿಡಿನೆನಪು’ ಎಂದರು. ನನಗೆ ಅದು ಯಾರದೋ ಆತ್ಮಕಥೆಯ ಅಧ್ಯಾಯದಂತೆ ಕೇಳಿಸಿತು. ಕ್ರಿಯಾಪದವಾಗಿ ‘ಬಿಡಿಯಾಗಿ ಹೇಳುವುದು’ ಎಂದರೆ ಪರವಾಗಿಲ್ಲ ಅನಿಸುತ್ತದೆ.

ರೆಕಗ್ನಿಷನ್‌ಗೆ ತಕರಾರಿಲ್ಲ. ಗುರುತಿಸುವುದು, ಗುರುತು ಹಿಡಿಯುವುದು. ಪ್ರತ್ಯಭಿಜ್ಞೆಯನ್ನು ದರ್ಶನಶಾಸ್ತ್ರದವರಿಗೇ ಬಿಡೋಣ.

ಇನ್ನೊಂದು ಪದಕ್ಕೂ ನಿಮ್ಮ ಅಭಿಪ್ರಾಯ ಬೇಕು. ಹಾಸಿಗೆ, ಕನಸು, ಕಂಬಳಿ, ಗೊರಕೆ, ಆಕಳಿಕೆ, ತೂಕಡಿಕೆ ಅಂತ ಓದಿ ಹೇಳಿದರೆ, ಆಮೇಲೆ ಎಷ್ಟೋ ಜನ ‘ನಿದ್ದೆ’ಯೂ ಇತ್ತು ಅಂತ ಆಣೆ ಮಾಡುತ್ತಾರೆ. ಇರಲೇ ಇಲ್ಲ. ಜೇಮ್ಸ್ ಡೀಸ್ 1959ರಲ್ಲಿ ತೋರಿಸಿದ್ದ ಇದನ್ನು ರೋಡಿಗರ್ ಮತ್ತು ಮೆಕ್‌ಡರ್ಮಟ್ 1995ರಲ್ಲಿ ಮತ್ತೆ ಕೈಗೆತ್ತಿಕೊಂಡು ಮುಂದುವರಿಸಿದರು. ಫಾಲ್ಸ್ ಮೆಮೊರಿ ಅನ್ನುವುದು ಇದಕ್ಕೆ. ‘ಸುಳ್ಳು ನೆನಪು’ ಎಂದರೆ ಆ ಮನುಷ್ಯ ಬೇಕಂತಲೇ ಸುಳ್ಳು ಹೇಳಿದ ಹಾಗಾಗುತ್ತದೆ. ‘ತಪ್ಪು ನೆನಪು’ ಎಂದರೆ ಇದ್ದದ್ದನ್ನೇ ಹೆಚ್ಚುಕಮ್ಮಿ ಮಾಡಿದ ಹಾಗೆ. ನಾನು ‘ಹುಸಿನೆನಪು’ ಅಂತ ಇಟ್ಟಿದ್ದೇನೆ. ಹುಸಿಗೋಪ, ಹುಸಿನಗೆ ಎಲ್ಲ ಇರುವುದರಿಂದ ಮಕ್ಕಳಿಗೆ ಹೊಸದು ಅನಿಸಲಿಕ್ಕಿಲ್ಲ. ಹುಸಿಗೋಪವನ್ನು ಬೇಕೆಂದೇ ತೋರಿಸುತ್ತಾರೆ, ಇದು ಹಾಗಲ್ಲವಲ್ಲ ಅಂತ ಯಾರಾದರೂ ಆಕ್ಷೇಪ ಎತ್ತಿದರೆ ಅದೂ ನ್ಯಾಯವೇ.

ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಪಾಠ ‘ಒಪ್ಪಿಸು’ವುದಕ್ಕೆ ಬೇರೆ ಮಾತಿದೆಯೇ? ಹಾಗೆಯೇ, ಮಗು ಪದ್ಯದ ನಡುವೆ ನಿಂತುಬಿಟ್ಟಾಗ ಮುಂದಿನ ಒಂದೇ ಪದ ಹೇಳಿ ದಾರಿಗೆ ಹಚ್ಚುತ್ತೇವಲ್ಲ, ಆ ಕೆಲಸಕ್ಕೆ ಏನನ್ನುತ್ತೀರಿ? ಅದು ಸಿಕ್ಕರೆ ನನ್ನ ‘ಸುಳಿವ’ನ್ನು ಹೊಡೆದುಹಾಕುತ್ತೇನೆ.