ಉದ್ದ ಬೇರಿನ ಕಡಲಿ ಗಿಡದ ಬೀಜ ಹಿಡಿದ್ರ ತಳಿ ಸುಧಾರಿಸ್ತೈತೇನ್ರಿ?

ಪ್ರಶ್ನೆ (ರೈತ, ರೋಣ ತಾಲೂಕು): ನಮಸ್ಕಾರ್ರಿ ಸರ್. ನಮ್ದು ಎರಿ ಹೊಲ, ಹಿಂಗಾರಿಗೆ ಅಣ್ಣಿಗೇರಿ ಕಡಲಿ ಹಾಕ್ತೀವಿ. ಮೂರು ವರ್ಷ ಆತು, ಕೀಳೂವಾಗ ಬೇರು ಉದ್ದ ಇದ್ದ ಗಿಡ ಆರಿಸಿ ಅವುಗಳ ಬೀಜ ಬ್ಯಾರೆ ಚೀಲದಾಗ ಇಡಾಕತ್ತೀನಿ. ಬೇರಿನಾಗ ಏನೂ ಫರಕ್ ಕಾಣವಲ್ದು. ಜನವರಿ ಬಂತಂದ್ರ ಅಲ್ಲಲ್ಲೆ ಗಿಡ ಒಣಗ್ತಾವು.

ಉತ್ತರ (ತಳಿ ವಿಜ್ಞಾನಿ, ಧಾರವಾಡ): ನಿಮ್ಮ ಶ್ರದ್ಧೆ ದೊಡ್ಡದ್ರಿ, ಆದ್ರ ಆರಿಸಾಕ ಅಲ್ಲಿ ಮಾಲೇ ಇಲ್ಲ. ಕಡಲಿ ಹೂ ಅರಳೂದರೊಳಗ ತನ್ನ ಪರಾಗ ತಾನೇ ತಗೊಂಡು ಮುಗಿಸಿರತೈತಿ. ಹಿಂಗಾಗಿ ಒಂದು ಶುದ್ಧ ತಳಿಯ ಗಿಡ ಎಲ್ಲಾ ಹೆಚ್ಚುಕಡಿಮಿ ಒಂದೇ ಅಚ್ಚು. ಉದ್ದ ಬೇರಿನ ಗಿಡಕ್ಕ ಸಡಿಲ ಮಣ್ಣು ಸಿಕ್ಕಿರತೈತಿ, ಅಷ್ಟ. ಆ ಅದೃಷ್ಟ ಬೀಜದಾಗ ಇಳಿಯೂದಿಲ್ಲ.

ಇನ್ನೊಂದು, ಕಿತ್ತು ನೋಡಿದ್ರ ತಾಯಿಬೇರಿನ ತುದಿ ಮಣ್ಣಾಗ ಹರಿದು ಉಳೀತೈತಿ. ಹಸಿ ಇದ್ದಾಗ ಸಲಿಕಿಲೆ ಒಂದು ಮೊಳ ಅಗೀರಿ. ಒಣಗಿದ ಗಿಡದ ಬುಡ ಉದ್ದಕ್ಕ ಸೀಳಿ ಒಳಗಿನ ಬಣ್ಣ ಹೇಳ್ರಿ.

ಪ್ರಶ್ನೆ (ಇನ್ನೊಬ್ಬರು, ಹಾವೇರಿ): ಹಂಗಾದ್ರ ನೀವು ಬೇರು ಹೆಂಗ ಸುಧಾರಸ್ತೀರ್ರಿ?

ಉತ್ತರ: ಫರಕ್ ಇದ್ದ ಎರಡು ತಳಿ ಕೂಡಿಸಬೇಕ್ರಿ. ಐಸಿಸಿ 4958 ಅಂತ ಒಂದು ಕಡಲಿ ಐತಿ, ಬೇರು ಆಳ, ದಟ್ಟ. 120 ಸೆಂ.ಮೀ. ಉದ್ದದ ಪಿವಿಸಿ ಪೈಪಿನಾಗ ಮಣ್ಣು ತುಂಬಿ ಬೆಳೆಸಿ, 35 ದಿನಕ್ಕ ಪೈಪ್ ಬಿಚ್ಚಿ ಬೇರು ತೊಳೆದು ಅಳೀತಾರ. ತೊಳೆಯೂ ಕೆಲಸಕ್ಕ ಯಾವ ವಿದ್ಯಾರ್ಥಿನೂ ನಕ್ಕೋತ ಬರೂದಿಲ್ಲ ಬಿಡ್ರಿ! ಅದಕ್ಕ ಈಗ ಎಲಿಯಾಗ ಆಳ ಬೇರಿನ ಗುಣದ ಜೋಡಿ ಬರೂ ಡಿಎನ್‌ಎ ಗುರುತು ನೋಡೇ ಆರಸ್ತಾರ. ಪೂಸಾ 372 ಅನ್ನೂ ಕಡಲಿ ತಳಿಗೆ ಈ 4958ರ ಗುಣ ತಂದು ಪೂಸಾ 10216 ಮಾಡಿದ್ದು ಹಂಗ. ಅದು ಮಧ್ಯ ಭಾರತದ ಕಡೆಗಿನ ತಳಿ, ನಮ್ಮಲ್ಲಿ ಹಾಕ್ರಿ ಅಂತ ನಾ ಹೇಳೂದಿಲ್ಲ.

ರೋಣದ ರೈತ: ಸರ್, ಹತ್ತು ಗಿಡ ಅಗದೆ. ನಾಕರ ತಾಯಿಬೇರು ಒಂದು ಗೇಣು ಇಳಿದು ಅಡ್ಡ ಹೊರಳೈತಿ. ಮೂರರ ಬುಡ ಸೀಳಿದ್ರ ನಡುವ ಕರೀ ಗೆರಿ.

ಉತ್ತರ: ಅಡ್ಡ ಹೊರಳಿದ್ದು ಟ್ರ್ಯಾಕ್ಟರ್ ತುಳಿದು ಗಟ್ಟಿಯಾದ ಪದರಿಗೆ. ಬ್ಯಾಸಗ್ಯಾಗ ಆಳ ನೇಗಿಲ ಹೊಡೀರಿ. ಕರೀ ಗೆರಿ ಸೊರಗು ರೋಗದ್ದು. ಬೇರು ಎಷ್ಟು ಉದ್ದ ಇದ್ರೂ ಅದನ್ನ ತಡಿಯೂದಿಲ್ಲ. ನಿಮ್ಮ ಅಣ್ಣಿಗೇರಿ ಕಡಲಿಗೇ ಡಬ್ಲ್ಯೂಆರ್ 315 ಅನ್ನೂ ಇನ್ನೊಂದು ಕಡಲಿಯ ಸೊರಗು ರೋಗ ತಡಿಯೂ ಗುಣ ಸೇರಿಸಿ ಸೂಪರ್ ಅಣ್ಣಿಗೇರಿ 1 ಮಾಡ್ಯಾರ, ಆ ಬೀಜ ಕೇಳ್ರಿ. ಬೀಜಕ್ಕ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ಹತ್ತಿಕ್ಕೂ ಒಳ್ಳೇ ಶಿಲೀಂಧ್ರ) ಹಚ್ಚೇ ಬಿತ್ತ್ರಿ. ಆ ಚೀಲದ ಬೀಜ ಮಾತ್ರ ಬಿತ್ತಾಕ ಬ್ಯಾಡ, ರೋಗ ಬೀಜದ ಜೋಡಿನೂ ಬರತೈತಿ.

ರೋಣದ ರೈತ: ಹಂಗಾದ್ರ ಆ ಚೀಲ ಬ್ಯಾಳಿ ಒಡಿಸಿಬಿಡ್ತೀನ್ರಿ.