ಸಹಾಯ ಬೇಕು: ವರ್ಷದ ಕೊನೆಯ ರಾತ್ರಿಯ ಕೃತಜ್ಞತಾ ಸಾಕ್ಷಿ

ಯೇಸುವಿನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಾನು ತೀರ್ಥಹಳ್ಳಿ ಕಡೆಯವಳು, ವಯಸ್ಸು 22. ಡಿಸೆಂಬರ್ 31ರ ರಾತ್ರಿ ಚರ್ಚಿನ ಆರಾಧನೆಯಲ್ಲಿ ಯುವಜನರ ಪರವಾಗಿ ಸಾಕ್ಷಿ, ಅಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ, ಹೇಳಬೇಕಿದೆ.

ಈ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಎರಡು ಬಾರಿ ಬೋರ್ಡೊ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಸಿಂಪಡಿಸಿದರೂ ಕಾಯಿ ಕೊಳೆತು ಉದುರುವ ಕೊಳೆರೋಗ ನಿಲ್ಲಲಿಲ್ಲ. ಮರಗಳ ಬುಡದ ತುಂಬ ಬಿಳಿ ಬೂಷ್ಟು ಹಿಡಿದ ಹಸಿ ಅಡಿಕೆ ಉದುರಿತ್ತು. ಅದನ್ನು ಬುಟ್ಟಿಗೆ ತುಂಬುತ್ತಲೇ ಅಮ್ಮ ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ನನಗೆ ಆ ಮಾತು ಬಾಯಿಗೆ ಬರಲಿಲ್ಲ; ಅದು ಇಂದಿಗೂ ಕಾಡುತ್ತಿದೆ.

ಬೈಬಲಿನ 136ನೇ ಕೀರ್ತನೆಯ 26 ವಚನಗಳಲ್ಲೂ ದೇವರ ಕೃಪೆಯ ಮಾತು ಮರಳಿ ಮರಳಿ ಬರುತ್ತದೆ. ಅದನ್ನು ಓದಿ ದಿನಕ್ಕೊಂದು ಉಪಕಾರ ಬರೆದಿಡಲು ತೊಡಗಿದೆ, ಹತ್ತನೇ ದಿನಕ್ಕೆ ನಿಂತಿತು.

ನಷ್ಟವನ್ನು ಮುಚ್ಚಿಡದೆ ಕೃತಜ್ಞತೆ ಹೇಳುವುದು ಹೇಗೆ? ಈ ಅಭ್ಯಾಸವನ್ನು ವರ್ಷವಿಡೀ ಉಳಿಸಿಕೊಂಡವರು ಯಾವ ಹೊತ್ತಿನಲ್ಲಿ, ಏನೆಂದು ಬರೆಯುತ್ತೀರಿ? ದಯವಿಟ್ಟು ತಿಳಿಸಿ.