ಮೂರು ವಾರಗಳ ಹಿಂದಿನ ಭೇಟಿ ಮತ್ತು ಎಚ್‌ಐವಿ ಭಯ: ಯಾವ ಪರೀಕ್ಷೆ, ಯಾವಾಗ?

ಪ್ರಶ್ನೆ: ನಿದ್ದೆಗೆಟ್ಟವನು

ನಾನು ಮೂವತ್ತು ದಾಟಿದ ಪುರುಷ. ಪುರುಷರೊಂದಿಗೆ ಸಂಬಂಧ ಬೆಳೆಸುವವನು. ಸದ್ಯಕ್ಕೆ ಸ್ಥಿರವಾದ ಸಂಗಾತಿ ಇಲ್ಲ. ಮೂರು ವಾರಗಳ ಹಿಂದೆ ಪರಿಚಯವಿಲ್ಲದ ಒಬ್ಬನನ್ನು ಭೇಟಿಯಾಗಿದ್ದೆ. ಚುಂಬನ ಮತ್ತು ಮುಖಮೈಥುನ ಬಿಟ್ಟರೆ ನಮ್ಮ ನಡುವೆ ಬೇರೇನೂ ನಡೆಯಲಿಲ್ಲ. ಆದರೆ ಆತ ತೀರಾ ಕೃಶನಾಗಿದ್ದ, ನಡುನಡುವೆ ಕೆಮ್ಮುತ್ತಿದ್ದ, ಕೇಳಿದರೂ ತನ್ನ ಬಗ್ಗೆ ಏನನ್ನೂ ಹೇಳಲಿಲ್ಲ. ಅಂದಿನಿಂದ ನನಗೆ ಅದೇ ಚಿಂತೆ. ಅದಾಗಿ ಹತ್ತು ಹನ್ನೆರಡು ದಿನಗಳಲ್ಲಿ ಗಂಟಲು ನೋವು ಮತ್ತು ಸಣ್ಣ ಜ್ವರ ಬಂದು ಹೋದವು; ಎದೆಯ ಮೇಲೆ ಕೆಂಪು ಗುಳ್ಳೆಗಳೂ ಕಂಡಂತಾಯಿತು. ಕತ್ತಿನ ಗ್ರಂಥಿಗಳು ಊದಿಕೊಂಡಿವೆಯೇ ಎಂದು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡಿಕೊಳ್ಳುತ್ತೇನೋ ಲೆಕ್ಕವಿಲ್ಲ. ನಿನ್ನೆ ಬೆರಳಿನ ರಕ್ತದಿಂದ ಮನೆಯಲ್ಲೇ ಮಾಡಿಕೊಳ್ಳುವ ಕ್ಷಿಪ್ರ ಪರೀಕ್ಷೆಯಲ್ಲಿ ನೆಗೆಟಿವ್ ಬಂದಿದೆ. ಅದನ್ನು ನಂಬಬಹುದೇ? ಆರು ತಿಂಗಳು ಕಾಯದೆ ಏನೂ ಖಚಿತವಾಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅಷ್ಟು ದಿನ ಹೀಗೆ ಬದುಕುವುದು ನನ್ನಿಂದ ಸಾಧ್ಯವಿಲ್ಲ. ಪಾಸಿಟಿವ್ ಬಂದರಂತೂ ಬದುಕೇ ಮುಗಿದಂತೆ.

ಇದರ ನಡುವೆ ಮೊನ್ನೆ ರಾತ್ರಿ ಇನ್ನೊಬ್ಬನ ಜೊತೆಗಿದ್ದೆ. ಅಂದು ಕಾಂಡೋಮ್ ಹರಿದುಹೋಗಿದ್ದು ಕೊನೆಗೆ ಗೊತ್ತಾಯಿತು. ಗುದಸಂಭೋಗದಲ್ಲಿ ಸ್ವೀಕರಿಸುವವನು ನಾನಾಗಿದ್ದೆ. ಆದರೆ ಆತ ಓದಿಕೊಂಡವನು, ವ್ಯಾಯಾಮ ಮಾಡುವ ಗಟ್ಟಿಮುಟ್ಟಾದ ಆಳು. ತನಗೇನೂ ಇಲ್ಲವೆಂದು ಅವನೇ ಹೇಳಿದ್ದರಿಂದ ಅದರ ಬಗ್ಗೆ ಅಷ್ಟು ಯೋಚನೆಯಿಲ್ಲ.

ಉತ್ತರ: ಆಪ್ತಸಮಾಲೋಚಕಿ

ನಿಮ್ಮ ಬರಹದ ಹೆಚ್ಚಿನ ಭಾಗ ಮೂರು ವಾರಗಳ ಹಿಂದಿನ ಭೇಟಿಯ ಕುರಿತಾಗಿದೆ. ಅದನ್ನು ಆಮೇಲೆ ನೋಡೋಣ. ನೀವು ಕೊನೆಯಲ್ಲಿ, ಯೋಚನೆಯಿಲ್ಲವೆಂದು ಹೇಳಿ ಬಿಟ್ಟುಬಿಟ್ಟ ಮೊನ್ನೆ ರಾತ್ರಿಯ ಸಂಗತಿಯೇ ಈಗ ತುರ್ತಿನದು. ಎಚ್‌ಐವಿಗೆ ತೆರೆದುಕೊಂಡ 72 ಗಂಟೆಗಳ ಒಳಗೆ ಆರಂಭಿಸಿದರೆ ಸೋಂಕನ್ನು ತಡೆಯಬಲ್ಲ ಔಷಧಿ ಇದೆ. ಅದಕ್ಕೆ ಪೆಪ್ ಎನ್ನುತ್ತಾರೆ. ನಿಮಗೆ ಇನ್ನೂ ಸಮಯವಿದೆ, ಆದರೆ ನಾಳೆಗೆ ಮುಂದೂಡುವಷ್ಟು ಇಲ್ಲ. ಇದನ್ನು ಪೂರ್ತಿ ಓದುವ ಮೊದಲೇ ಹೊರಟರೂ ಸಂತೋಷ. ಎಚ್‌ಐವಿ ಚಿಕಿತ್ಸಾ ಕೇಂದ್ರ ತೆರೆದಿಲ್ಲದಿದ್ದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಕಾಂಡೋಮ್ ಹರಿದ ಸಮಯ ಮತ್ತು ಸಂಪರ್ಕದ ಬಗೆ ಎರಡನ್ನೂ ಮುಚ್ಚಿಡದೆ ಹೇಳಿ. ವೈದ್ಯರು ನಿರ್ಧರಿಸುವುದು ಆ ಎರಡು ಮಾಹಿತಿಗಳ ಮೇಲೆಯೇ.

ಅವಸರವೇಕೆಂದರೆ, ದೇಹವನ್ನು ಹೊಕ್ಕ ವೈರಾಣು ಮೊದಲು ಆ ಜಾಗದ ಜೀವಕೋಶಗಳಲ್ಲಿ ಬೇರೂರಿ, ಬಳಿಕ ದುಗ್ಧಗ್ರಂಥಿಗಳಿಗೆ ಮತ್ತು ರಕ್ತಕ್ಕೆ ಹರಡಲು ಸ್ವಲ್ಪ ಸಮಯ ಹಿಡಿಯುತ್ತದೆ. ಪೆಪ್ ಕೆಲಸ ಮಾಡುವುದು ಆ ಅಂತರದಲ್ಲಿ. ಸಾಮಾನ್ಯವಾಗಿ ಮೂರು ಔಷಧಗಳನ್ನು 28 ದಿನ ಕೊಡುತ್ತಾರೆ. ಟೆನೋಫೋವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಇಂದು ಬಹಳ ಕಡೆ ಬಳಕೆಯಲ್ಲಿರುವ ಜೋಡಣೆ. ಆರಂಭಿಸುವುದು ಬೇಗನಾದಷ್ಟೂ ಫಲ ಹೆಚ್ಚು. 72 ಗಂಟೆ ಹೊರಮಿತಿಯೇ ಹೊರತು ಅಲ್ಲಿಯವರೆಗೆ ನಿಶ್ಚಿಂತೆಯಿಂದ ಇರಬಹುದೆಂಬ ಅನುಮತಿಯಲ್ಲ.

ಈಗ ಎರಡೂ ಭೇಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸಂಗಾತಿಗೆ ಎಚ್‌ಐವಿ ಇದ್ದು, ಆತ ಚಿಕಿತ್ಸೆಯಲ್ಲಿಲ್ಲದಿದ್ದರೆ, ರಕ್ಷಣೆಯಿಲ್ಲದ ಗುದಸಂಭೋಗದಲ್ಲಿ ಸ್ವೀಕರಿಸುವವನಿಗೆ ಸೋಂಕು ತಗಲುವ ಸಂಭವ ಹತ್ತು ಸಾವಿರ ಸಂಪರ್ಕಗಳಿಗೆ ಸುಮಾರು 138 ಎಂದು ಅಂದಾಜಿಸಲಾಗಿದೆ. ಯೋನಿಸಂಭೋಗದಲ್ಲಿ ಅದು ಮಹಿಳೆಗೆ ಸುಮಾರು 8, ಪುರುಷನಿಗೆ ಸುಮಾರು 4. ಮುಖಮೈಥುನದಲ್ಲಿ ಅಂಕಿ ಕೊಡುವುದೇ ಕಷ್ಟವೆನ್ನುವಷ್ಟು ಕಡಿಮೆ. ಚುಂಬನದ ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ಹಾಗಿದ್ದೂ ನಿಮ್ಮನ್ನು ಮೂರು ವಾರ ಕಾಡಿದವನು ಕೃಶನಾಗಿ ಕೆಮ್ಮುತ್ತಿದ್ದವನು, ನೆಮ್ಮದಿಯಾಗಿ ನಿದ್ದೆ ಮಾಡಲು ಬಿಟ್ಟವನು ಗಟ್ಟಿಮುಟ್ಟಾದವನು! ಇದು ನಿಮ್ಮೊಬ್ಬರ ವಿಷಯವಲ್ಲ. ನಮ್ಮಲ್ಲಿಗೆ ಬರುವ ಬಹುತೇಕರು ಅಪಾಯವನ್ನು ಎದುರಿನವರ ಮುಖದಲ್ಲಿ ಹುಡುಕುತ್ತಾರೆ, ನಡೆದ ಕ್ರಿಯೆಯಲ್ಲಿ ಹುಡುಕುವುದಿಲ್ಲ. ಸೋಂಕಿತರು ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಇರಬಲ್ಲರು. ‘ನನಗೇನೂ ಇಲ್ಲ’ ಎಂಬ ಮಾತಿಗೆ ಬೆಲೆ ಬರುವುದು ಅದರ ಜೊತೆಗೆ ಪರೀಕ್ಷೆಯ ದಿನಾಂಕವೂ ಇದ್ದಾಗ ಮಾತ್ರ.

ಉತ್ತರ: ಪ್ರಯೋಗಾಲಯದವನು

ಆಪ್ತಸಮಾಲೋಚಕಿಯವರ ಮಾತನ್ನು ಮೊದಲು ಪಾಲಿಸಿ. ಪರೀಕ್ಷೆಯ ಕುರಿತ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಮನೆಯ ಕ್ಷಿಪ್ರ ಪರೀಕ್ಷೆಗಳಲ್ಲಿ ಹೆಚ್ಚಿನವು ವೈರಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತವೆ. ಅವು ಪತ್ತೆಯಾಗುವ ಮಟ್ಟಕ್ಕೆ ಬರಲು ಸೋಂಕು ತಗಲಿದ ದಿನದಿಂದ 23ರಿಂದ 90 ದಿನಗಳು ಬೇಕಾಗುತ್ತವೆ. ಆದ್ದರಿಂದ ಮೂರು ವಾರಕ್ಕೆ ಬಂದ ನೆಗೆಟಿವ್ ಫಲಿತಾಂಶ ಆ ಭೇಟಿಯ ಬಗ್ಗೆ ಇನ್ನೂ ಏನನ್ನೂ ನಿರ್ಣಯಿಸಿಲ್ಲ, ಮೊನ್ನೆಯ ಭೇಟಿಯ ಬಗ್ಗೆಯಂತೂ ಅದಕ್ಕೆ ಏನೂ ಗೊತ್ತಿಲ್ಲ. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಪ್ರತಿಕಾಯದ ಜೊತೆಗೆ ವೈರಾಣುವಿನದೇ ಪಿ24 ಎಂಬ ಪ್ರೋಟೀನನ್ನೂ ಗುರುತಿಸುವುದರಿಂದ 18ರಿಂದ 45 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ವೈರಾಣುವಿನ ಆರ್‌ಎನ್‌ಎಯನ್ನೇ, ಅಂದರೆ ಅದರ ತಳಿವಸ್ತುವನ್ನೇ, ಹುಡುಕುವ ನ್ಯಾಟ್ ಪರೀಕ್ಷೆ ಇನ್ನೂ ಬೇಗ, 10ರಿಂದ 33 ದಿನಗಳಲ್ಲಿ ಪತ್ತೆ ಮಾಡಬಲ್ಲದು. ಆದರೆ ಅದು ದುಬಾರಿ, ಎಲ್ಲರಿಗೂ ಬೇಕಾದದ್ದೂ ಅಲ್ಲ. ಸೋಂಕು ತಗಲಿದ್ದರೂ ಪರೀಕ್ಷೆಗೆ ಸಿಗದ ಈ ಗವಾಕ್ಷಿ ಅವಧಿಯಲ್ಲಿ ರಕ್ತದಾನ ಮಾಡಬೇಡಿ. ಪರೀಕ್ಷೆ ಮಾಡಿಸಿಕೊಳ್ಳುವ ಉದ್ದೇಶಕ್ಕಾಗಿಯೇ ರಕ್ತ ಕೊಡುವವರೂ ಇದ್ದಾರೆ. ಅದನ್ನು ಪಡೆಯುವ ರೋಗಿಗೆ ಅದರಷ್ಟು ದೊಡ್ಡ ಅನ್ಯಾಯ ಬೇರೊಂದಿಲ್ಲ.

ಆರು ತಿಂಗಳ ಮಾತು ಹಳೆಯ ಕಾಲದ ಉಳಿಕೆ. 1985ರಲ್ಲಿ ಬಂದ ಮೊದಲ ತಲೆಮಾರಿನ ಎಲೈಸಾ ಪರೀಕ್ಷೆಗಳು ಪ್ರತಿಕಾಯವನ್ನು ಗುರುತಿಸುವುದರಲ್ಲಿ ನಿಧಾನವಾಗಿದ್ದವು. ಪರೀಕ್ಷೆಗಳು ಬದಲಾದರೂ ಬಾಯಿಂದ ಬಾಯಿಗೆ ಹರಿದ ಸಲಹೆ ಹಾಗೆಯೇ ಉಳಿಯಿತು.

ಲಕ್ಷಣಗಳ ವಿಷಯ. ಹೊಸ ಸೋಂಕಿನ ಜ್ವರ, ಗಂಟಲು ನೋವು, ಗುಳ್ಳೆ, ಗ್ರಂಥಿಯ ಊತಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಡುವೆ ಬರುವುದು ನಿಜ. ಅವು ಬಾರದೆಯೂ ಸೋಂಕು ಇರಬಹುದು ಎಂಬುದೂ ನಿಜ, ಬೇರೆ ಯಾವುದೋ ಸಾಧಾರಣ ವೈರಾಣುವಿನಿಂದ ಅವೆಲ್ಲವೂ ಬರಬಹುದು ಎಂಬುದೂ ಅಷ್ಟೇ ನಿಜ. ಲಕ್ಷಣಗಳಿಂದ ಎಚ್‌ಐವಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು. ಪದೇ ಪದೇ ಒತ್ತಿ ನೋಡಿದರೆ ಕತ್ತಿನ ಯಾವ ಗ್ರಂಥಿಯಾದರೂ ನೋಯುತ್ತದೆ.

ಉತ್ತರ: ಹದಿನೇಳರ ಮಾತ್ರೆ

ಒಂದು ವಾಕ್ಯಕ್ಕೆ ಮಾತ್ರ ನನ್ನ ಪ್ರತಿಕ್ರಿಯೆ. ‘ಪಾಸಿಟಿವ್ ಬಂದರಂತೂ ಬದುಕೇ ಮುಗಿದಂತೆ’ ಎಂದು ಬರೆದಿದ್ದೀರಿ. ನಾನು 2017ರಿಂದ ಎಚ್‌ಐವಿಯೊಂದಿಗೆ ಇರುವವನು. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ದುಡಿಯುತ್ತೇನೆ, ಜಗಳವಾಡುತ್ತೇನೆ, ಪ್ರೀತಿಸುತ್ತೇನೆ. ಬೇಗ ಪತ್ತೆಯಾಗಿ ಚಿಕಿತ್ಸೆ ಆರಂಭಿಸಿದವರ ಆಯುಷ್ಯ ಇತರರ ಆಯುಷ್ಯಕ್ಕೆ ಹತ್ತಿರವಾಗಿರುತ್ತದೆ. ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯವೆನಿಸಬಹುದು. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಲ್ ಲೋಡ್, ಅಂದರೆ ವೈರಾಣುವಿನ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಯುರೋಪಿನಲ್ಲಿ ನಡೆದ ಪಾರ್ಟ್‌ನರ್ ಅಧ್ಯಯನದ ಎರಡನೇ ಹಂತದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಸೋಂಕಿದ್ದು ಚಿಕಿತ್ಸೆಯಲ್ಲಿರುವ, ಇನ್ನೊಬ್ಬರಿಗೆ ಸೋಂಕಿಲ್ಲದ ಪುರುಷ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಬಾರಿ ಕೂಡಿದ್ದರೂ ಸಂಗಾತಿಯಿಂದ ಸಂಗಾತಿಗೆ ಸೋಂಕು ಹೋದ ಒಂದು ಉದಾಹರಣೆಯೂ ಅದರಲ್ಲಿ ಸಿಗಲಿಲ್ಲ. ‘ನನಗೆ ಎಚ್‌ಐವಿ ಇದೆ, ಔಷಧಿಯಲ್ಲಿದ್ದೇನೆ, ವೈರಲ್ ಲೋಡ್ ಪತ್ತೆಯಾಗುತ್ತಿಲ್ಲ’ ಎನ್ನುವವನನ್ನು ಕಂಡು ಓಡುವ ಜನ, ಎಂದೂ ಪರೀಕ್ಷೆ ಮಾಡಿಸದೆ ‘ನಾನು ಕ್ಲೀನ್’ ಎನ್ನುವವನ ಪಕ್ಕದಲ್ಲಿ ನಿರಾಳವಾಗಿ ಮಲಗುತ್ತಾರೆ. ನಾವೇನು ಕೊಳಕರೇ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ನಿದ್ದೆಗೆಟ್ಟವನು

ರಾತ್ರಿಯೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಬಂದೆ. ಅಲ್ಲಿನ ವೈದ್ಯರು ನಾಚಿಕೆಗೆ ಅವಕಾಶವೇ ಇಲ್ಲದಂತೆ, ಹಲ್ಲುನೋವಿನ ವಿಷಯ ಕೇಳುವವರ ಹಾಗೆ ಎಲ್ಲವನ್ನೂ ಕೇಳಿ ಬರೆದುಕೊಂಡರು. ಪೆಪ್ ಆರಂಭವಾಗಿದೆ. ರಕ್ತವನ್ನೂ ತೆಗೆದರು. ‘ಬದುಕೇ ಮುಗಿದಂತೆ’ ಎಂದದ್ದಕ್ಕೆ ಕ್ಷಮೆಯಿರಲಿ. ನಾನು ಪ್ರತಿದಿನ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದನ್ನು ವೈದ್ಯರಿಗೆ ಹೇಳಲು ಮರೆತೆ. ತೊಂದರೆಯಿದೆಯೇ? ಮುಂದಿನ ಪರೀಕ್ಷೆ ಎಂದು?

ಉತ್ತರ: ಆಪ್ತಸಮಾಲೋಚಕಿ

ನಿಮಗೆ ಕೊಟ್ಟಿರುವುದರಲ್ಲಿ ಡೊಲುಟೆಗ್ರಾವಿರ್ ಇದ್ದರೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಬರಿಹೊಟ್ಟೆಯಲ್ಲಿ ಅದರೊಂದಿಗೆ ಸೇರಿದಾಗ ಅದು ರಕ್ತಕ್ಕೆ ಸೇರುವುದನ್ನು ಕುಗ್ಗಿಸುತ್ತವೆ. ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ ಪೆಪ್ ತೆಗೆದುಕೊಳ್ಳಬಹುದು, ಇಲ್ಲವೇ ಊಟದ ಜೊತೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಆಮ್ಲಶಾಮಕಗಳಿಗೆ (ಆ್ಯಂಟಾಸಿಡ್) ಊಟದ ಜೊತೆಯ ಈ ವಿನಾಯಿತಿ ಇಲ್ಲ, ಅಂತರ ಇಡಲೇಬೇಕು. ಹೇಗಿದ್ದರೂ ವೈದ್ಯರಿಗೆ ಇಂದೇ ತಿಳಿಸಿ. ಮೊದಲ ದಿನಗಳ ವಾಕರಿಕೆ, ತಲೆನೋವುಗಳಿಗೆ ಹೆದರಿ ಮಾತ್ರೆ ನಿಲ್ಲಿಸಬೇಡಿ.

ಪರೀಕ್ಷೆಯ ಲೆಕ್ಕವನ್ನು ಕಾಂಡೋಮ್ ಹರಿದ ದಿನದಿಂದ ಮಾಡಿ: 4ರಿಂದ 6 ವಾರಗಳ ನಡುವೆ ಒಮ್ಮೆ, 12 ವಾರಕ್ಕೆ ಇನ್ನೊಮ್ಮೆ. ಪೆಪ್ ತೆಗೆದುಕೊಂಡವರಲ್ಲಿ ಸೋಂಕು ಪರೀಕ್ಷೆಗೆ ಸಿಗುವುದು ತಡವಾಗಬಹುದು, ಆದ್ದರಿಂದ ಎರಡನೆಯದನ್ನು ಬಿಡಬೇಡಿ. ಹಳೆಯ ಭೇಟಿಯ ಸಂಶಯವೂ ಅದರಲ್ಲೇ ತೀರುತ್ತದೆ. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಎಣ್ಣೆಯ ಅಂಶವಿರುವ ಜಾರುಕಗಳು ಲೇಟೆಕ್ಸನ್ನು ದುರ್ಬಲಗೊಳಿಸುತ್ತವೆ, ನೀರು ಅಥವಾ ಸಿಲಿಕೋನ್ ಆಧಾರಿತವಾದವನ್ನೇ ಆರಿಸಿ. ನಡುವೆ ಮನೆಯ ಕಿಟ್‌ಗಳನ್ನು ಕೊಂಡು ವಾರವಾರ ಬೆರಳು ಚುಚ್ಚಿಕೊಳ್ಳುವುದು ಬೇಡ. ಒಂದು ವೇಳೆ ಎಂದಾದರೂ ರಿಯಾಕ್ಟಿವ್, ಅಂದರೆ ಸೋಂಕಿನ ಸುಳಿವು ಇದೆ, ಎಂದು ಬಂದರೂ, ದೃಢೀಕರಣ ಪರೀಕ್ಷೆಗಳಾಗುವ ತನಕ ಅದು ರೋಗನಿರ್ಣಯವಲ್ಲ.

ಸಿಫಿಲಿಸ್, ಗೊನೋರಿಯಾ, ಕ್ಲಾಮಿಡಿಯಾ ಪರೀಕ್ಷೆಗಳನ್ನೂ ಕೇಳಿ. ಗಂಟಲು ಮತ್ತು ಗುದದ್ವಾರದ ಮಾದರಿ ತೆಗೆಯದಿದ್ದರೆ ಬರೀ ಮೂತ್ರಪರೀಕ್ಷೆಯಲ್ಲಿ ಅಲ್ಲಿನ ಸೋಂಕು ಕಾಣುವುದಿಲ್ಲ. ಹೆಪಟೈಟಿಸ್ ಬಿ ಫಲಿತಾಂಶವನ್ನು ವಿಶೇಷವಾಗಿ ವಿಚಾರಿಸಿ. ಆ ಸೋಂಕು ಇದ್ದವರು ಟೆನೋಫೋವಿರ್ ಮತ್ತು ಲ್ಯಾಮಿವುಡಿನ್ ನಿಲ್ಲಿಸಿದಾಗ ಯಕೃತ್ತಿನ ಉರಿಯೂತ ಕೆರಳಬಹುದು. ಸೋಂಕೂ ಇಲ್ಲದೆ ರಕ್ಷಣೆಯೂ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು.

ಇಂತಹ ಭೇಟಿಗಳು ಮುಂದೆಯೂ ಇರಬಹುದೆಂದು ನಿಮಗನಿಸಿದರೆ, ಸಂಪರ್ಕಕ್ಕೆ ಮುಂಚಿತವಾಗಿಯೇ ತೆಗೆದುಕೊಳ್ಳುವ, ಎಚ್‌ಐವಿ ತಡೆಯುವ ಔಷಧಿ ಪ್ರೆಪ್ ಬಗ್ಗೆ 28 ದಿನಗಳು ಮುಗಿಯುವ ಮೊದಲೇ ವೈದ್ಯರೊಂದಿಗೆ ಮಾತನಾಡಿ. ಆಗಿನ ಪರೀಕ್ಷೆ ನೆಗೆಟಿವ್ ಇದ್ದರೆ ನಡುವೆ ಅಂತರ ಬೀಳದಂತೆ ಪೆಪ್‌ನಿಂದ ನೇರವಾಗಿ ಪ್ರೆಪ್‌ಗೆ ಬದಲಾಯಿಸಿಕೊಡುತ್ತಾರೆ.